ಶ್ರೀಲಂಕಾದ ಕೆರೆ, ಬಂಡೆ, ಬೆಟ್ಟಗಳಲ್ಲಿ ಎಂಟು ದಿನ: ಒಂದು ಪ್ರವಾಸ ಸೇವೆಯ ವಿಮರ್ಶೆ

2024ರ ಫೆಬ್ರವರಿಯಲ್ಲಿ ನಾನು, ನನ್ನ ಹೆಂಡತಿ ಮತ್ತು ಎಪ್ಪತ್ತರ ಹೊಸ್ತಿಲಲ್ಲಿರುವ ನನ್ನ ಅಕ್ಕ, ಮೂವರೂ ಶ್ರೀಲಂಕಾಕ್ಕೆ ಹೋಗಿಬಂದೆವು. ನಾವು ಕೊಂಡ ಸೇವೆಯಲ್ಲಿ ಏಳು ರಾತ್ರಿಗಳ ವಸತಿ, ಬೆಳಗಿನ ಉಪಾಹಾರ, ಒಂದು ಕಾರು, ಅದನ್ನು ನಡೆಸುವುದರ ಜೊತೆಗೆ ಸ್ಥಳಗಳ ವಿವರಣೆಯನ್ನೂ ಕೊಡುವ ಒಬ್ಬ ಚಾಲಕ, ಹಾಗೂ ಎಲ್ಲ ಸ್ಮಾರಕಗಳ ಪ್ರವೇಶ ಶುಲ್ಕ ಸೇರಿದ್ದವು. ಇಂಥ ಚಾಲಕರನ್ನು ಅಲ್ಲಿ ಚೋಫರ್ ಗೈಡ್ ಎನ್ನುತ್ತಾರೆ. ಅವರಿಗೆ ಶ್ರೀಲಂಕಾ ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರದ ಪರವಾನಗಿ ಇರುತ್ತದೆ. ನಮಗೆ ಸೇವೆ ಒದಗಿಸಿದ ಸಂಸ್ಥೆಯ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಹೇಳಬೇಕಾದ ದೋಷಗಳು ಅದೊಂದರವೇ ಅಲ್ಲ. ಹೊರಡುವ ಮುನ್ನ ತರಿಸಿಕೊಂಡ ನಾಲ್ಕೂ ದರಪಟ್ಟಿಗಳಲ್ಲಿ ಅವೇ ದೋಷಗಳು ಹೆಚ್ಚುಕಡಿಮೆ ಅದೇ ರೂಪದಲ್ಲಿದ್ದವು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು, ಚಾಲಕ, ವಸತಿ ಈ ಮೂರರಲ್ಲಿ ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ. ಆದರೆ ಕಾರ್ಯಕ್ರಮಪಟ್ಟಿಯನ್ನು ತಯಾರಿಸಿದವರು ಸ್ಥಳಗಳ ಸಂಖ್ಯೆಯನ್ನು ಎಣಿಸಿದ್ದಾರೆಯೇ ಹೊರತು, ಯಾವ ಸ್ಥಳಕ್ಕೆ ಯಾವ ಹೊತ್ತು ಮತ್ತು ಎಷ್ಟು ಹೊತ್ತು ಬೇಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಾವು ಈ ಪ್ರವಾಸವನ್ನು ಇಷ್ಟು ಪ್ರೀತಿಯಿಂದ ನೆನೆಯುವುದಕ್ಕೆ ಕಾರಣ, ನಮ್ಮ ಚಾಲಕ ಆ ಪಟ್ಟಿಯನ್ನು ಮೂರು ಕಡೆ ನಮ್ಮ ಒಪ್ಪಿಗೆ ಪಡೆದು ಬದಲಾಯಿಸಿದ್ದು.

ಮೊದಲ ತಪ್ಪು ಪ್ರಾಚೀನ ರಾಜಧಾನಿ ಅನುರಾಧಪುರದಲ್ಲೇ ಕಂಡಿತು. ದಂಬುಲ್ಲದ ವಸತಿಯಿಂದ ಒಂಬತ್ತಕ್ಕೆ ಹೊರಟು, ಹನ್ನೊಂದರ ನಂತರ ತಲುಪಿ, ನಡುಹಗಲಿನಲ್ಲಿ ಸ್ತೂಪಗಳನ್ನು ನೋಡುವುದು ಎಂದು ಪಟ್ಟಿಯಲ್ಲಿತ್ತು. ಅಲ್ಲಿ ಸ್ತೂಪದ ಅಂಗಳಕ್ಕೆ ಕಾಲಿಡುವಾಗ ಚಪ್ಪಲಿಯನ್ನು ಬಿಡಬೇಕು, ಟೋಪಿಯನ್ನೂ ತೆಗೆಯಬೇಕು. ದುಟ್ಟಗಾಮಣಿ ರಾಜ ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಆರಂಭಿಸಿದ ರುವನ್ವೆಲಿಸಾಯ ಸ್ತೂಪದ ವಿಶಾಲವಾದ ಕಲ್ಲುಹಾಸಿನ ಮೇಲೆ ನಾವು ಹನ್ನೆರಡು ಗಂಟೆಗೆ ಬರಿಗಾಲಲ್ಲಿ ನಿಂತಿದ್ದೆವು. ಅಕ್ಕ ನಾಲ್ಕು ಹೆಜ್ಜೆ ಇಟ್ಟು ನೆರಳಿಗೆ ಮರಳಿದರು. ಬಿಳಿಯ ಸ್ತೂಪದಿಂದ ಎರಚುವ ಬೆಳಕಿಗೆ ನನಗೆ ಕಣ್ಣು ಬಿಡಲಾಗಲಿಲ್ಲ. ಸುತ್ತ ಬಿಳಿಯುಡುಗೆ ತೊಟ್ಟು ಬಂದಿದ್ದ ಊರಿನ ಭಕ್ತರು ಹೆಚ್ಚಿನವರು ದಪ್ಪ ಕಾಲುಚೀಲ ಹಾಕಿಕೊಂಡಿದ್ದರು. ಇಷ್ಟು ಸಣ್ಣ ವಿಷಯವನ್ನು ಸಂಸ್ಥೆಯವರು ಮುಂಚಿತವಾಗಿ ತಿಳಿಸಬಹುದಿತ್ತು.

ಅನುರಾಧಪುರವನ್ನು ಬೆಳಗಿನ ಆರೂವರೆಗೆ ಅಥವಾ ಸಂಜೆ ನಾಲ್ಕರ ನಂತರ ನೋಡಬೇಕು. ನಾವು ಮಧ್ಯಾಹ್ನ ಊಟ ಮಾಡಿ, ಚಾಲಕನ ಸಲಹೆಯಂತೆ ಜೇತವನ ಸ್ತೂಪದ ಬಳಿಯ ಮರಗಳ ಕೆಳಗೆ ಎರಡು ತಾಸು ವಿಶ್ರಮಿಸಿ, ಬಿಸಿಲು ಇಳಿದ ಮೇಲೆ ಮತ್ತೆ ಸುತ್ತಲು ಹೊರಟೆವು. ಮಹಾಸೇನ ರಾಜ ಆರಂಭಿಸಿದ ಈ ಇಟ್ಟಿಗೆಯ ಸ್ತೂಪ ಒಂದು ಕಾಲಕ್ಕೆ ಸುಮಾರು 122 ಮೀಟರ್ ಎತ್ತರವಿದ್ದು, ಪ್ರಾಚೀನ ಜಗತ್ತಿನ ಅತಿ ಎತ್ತರದ ಕಟ್ಟಡಗಳಲ್ಲಿ ಒಂದಾಗಿತ್ತು. ಶಿಖರ ಮುರಿದ ಇಂದಿನ ರೂಪದಲ್ಲೂ ಅದು ಸುಮಾರು 71 ಮೀಟರ್ ಇದೆ. ಇಳಿಬಿಸಿಲಿನಲ್ಲಿ ಆ ಇಟ್ಟಿಗೆಗಳು ಕೆಂಪಾಗುವುದನ್ನು ನೋಡಿದ ಮೇಲೆ ಶ್ರೀಮಹಾಬೋಧಿ ವೃಕ್ಷದ ಬಳಿಗೆ ಹೋದೆವು. ಅಶೋಕನ ಮಗಳು ಸಂಘಮಿತ್ರೆ ಬೋಧಗಯೆಯಿಂದ ತಂದ ಕೊಂಬೆಯಿಂದ ಬೆಳೆದ ಅರಳಿಮರವಿದು ಎಂಬುದು ಪರಂಪರೆಯ ನಂಬಿಕೆ. ಚಿನ್ನದ ಬಣ್ಣದ ಊರೆಗೋಲುಗಳ ಮೇಲೆ ಒರಗಿರುವ ಆ ಸಣ್ಣ ಕೊಂಬೆಗಳ ಕೆಳಗೆ ಸಂಜೆಯ ಪ್ರಾರ್ಥನೆ ನಡೆಯುತ್ತಿದ್ದಾಗ ನಾವು ಮೂವರೂ ಒಂದು ಗಂಟೆ ಮಾತಿಲ್ಲದೆ ಕುಳಿತಿದ್ದೆವು.

ಈ ಸೇವೆಯ ಅತ್ಯುತ್ತಮ ಭಾಗ ಮಾತ್ರ ಪಟ್ಟಿಯಲ್ಲಿ ಇರಲೇ ಇಲ್ಲ. ನಾನು ಮೂರು ದಶಕ ಸಣ್ಣ ನೀರಾವರಿ ಕೆಲಸದಲ್ಲಿದ್ದವನು. ಚನ್ನಗಿರಿಯ ಸೂಳೆಕೆರೆಯ ಏರಿಯ ಮೇಲೆ ನಡೆದಾಡುತ್ತಲೇ ಬೆಳೆದವನು. ದಾರಿಯುದ್ದಕ್ಕೂ ಕಾಣುವ ಕೆರೆಗಳ ಬಗ್ಗೆ ನಾನು ಕೇಳುತ್ತಿದ್ದ ಪ್ರಶ್ನೆಗಳನ್ನು ಗಮನಿಸಿದ ಚಾಲಕ, ನೀವು ಒಪ್ಪುವುದಾದರೆ ಮರುದಿನ ನಸುಕಿನಲ್ಲೇ ಎದ್ದು ಕಲಾ ವೆವಕ್ಕೆ ಹೋಗಿಬರೋಣ ಎಂದರು. ಸಿಂಹಳದಲ್ಲಿ ವೆವ ಎಂದರೆ ಕೆರೆ. 5ನೇ ಶತಮಾನದಲ್ಲಿ ಧಾತುಸೇನ ರಾಜ ಕಟ್ಟಿಸಿದ ಈ ಕೆರೆಯಿಂದ ಅನುರಾಧಪುರಕ್ಕೆ ನೀರು ಒಯ್ಯಲು ತೋಡಿದ ಜಯಗಂಗಾ ಕಾಲುವೆಯ ಉದ್ದ ಸುಮಾರು 87 ಕಿಲೋಮೀಟರ್. ಅದರ ಮೊದಲ 17 ಮೈಲಿಗಳಲ್ಲಿ ಮೈಲಿಗೆ ಆರು ಇಂಚಿನಷ್ಟೇ ಇಳಿಜಾರು. ಈ ಅಂಕಿಯನ್ನು ನಾನು ಓದಿ ತಿಳಿದಿದ್ದೆ. ಆದರೆ ಕಾಲುವೆಯ ದಂಡೆಯ ಮೇಲೆ ನಿಂತು, ಒಂದು ಒಣ ಎಲೆ ನೀರಿನ ಮೇಲೆ ಅವಸರವಿಲ್ಲದೆ ಉತ್ತರಕ್ಕೆ ಸಾಗಿದ್ದನ್ನು ಕಣ್ಣಾರೆ ಕಂಡಾಗ, ಇಂದಿನ ಅಳತೆಯ ಯಂತ್ರಗಳಿಲ್ಲದೆ ಇದನ್ನು ಸಾಧಿಸಿದ ಆ ಜನರಿಗೆ ಕೈಮುಗಿಯಬೇಕೆನಿಸಿತು; ಮುಗಿದೆ.

ಏರಿಯ ಮೇಲೆ ನಡೆಯುತ್ತ ಚಾಲಕ ಬಿಸೋಕೊಟುವದ ವಿಷಯ ತೆಗೆದರು. ನಮ್ಮ ಕೆರೆಗಳ ತೂಬಿಗೆ ಸಂವಾದಿಯಾದ ವ್ಯವಸ್ಥೆ ಅದು: ಏರಿಯ ಒಳಮೈಯ ಕಡೆ ಕಲ್ಲಿನಿಂದ ಕಟ್ಟಿದ ಚೌಕನೆಯ ಬಾವಿಯಂಥ ರಚನೆ. ಕೆರೆಯ ನೀರು ಅದರೊಳಗೆ ಬಂದು ತನ್ನ ರಭಸ ಕಳೆದುಕೊಂಡು, ಅಳತೆಯಷ್ಟೇ ಹೊರಕ್ಕೆ ಹರಿಯುವುದರಿಂದ ಏರಿಯ ಮಣ್ಣು ಕೊರೆದುಹೋಗುವುದಿಲ್ಲ. ಒತ್ತಡದ ನೀರನ್ನು ಮಣ್ಣಿನ ಏರಿಯ ಮೂಲಕ ಸುರಕ್ಷಿತವಾಗಿ ಹೊರಬಿಡುವುದು ಕೆರೆ ಕಟ್ಟುವವನಿಗೆ ಎದುರಾಗುವ ಅತಿ ಕಠಿಣ ಸಮಸ್ಯೆ. ಅದನ್ನು ಅಲ್ಲಿಯವರು ಬಗೆಹರಿಸಿಕೊಂಡಿದ್ದರಿಂದಲೇ ಅಷ್ಟು ದೊಡ್ಡ ಕೆರೆಗಳು ಸಾಧ್ಯವಾದವು. ಒಬ್ಬ ಪ್ರವಾಸಿ ಚಾಲಕ ಇದನ್ನು ಇಷ್ಟು ನಿಖರವಾಗಿ ವಿವರಿಸಿದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಅವರ ಮನೆಯವರು ಇಂದಿಗೂ ಕೆರೆಯ ಕೆಳಗಿನ ಗದ್ದೆಯಲ್ಲಿ ಭತ್ತ ಬೆಳೆಯುವವರಂತೆ.

ಕಲಾ ವೆವವನ್ನು ಮೊದಲು ನೋಡಿ ಆಮೇಲೆ ಸಿಗಿರಿಯಕ್ಕೆ ಹೋಗುವುದು ಸರಿಯಾದ ಕ್ರಮ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಧಾತುಸೇನನ ಮಗ ಕಾಶ್ಯಪ ತಂದೆಯನ್ನು ಸೆರೆಹಿಡಿದು, ಬಚ್ಚಿಟ್ಟ ಸಂಪತ್ತನ್ನು ತೋರಿಸೆಂದು ಪೀಡಿಸಿದಾಗ, ತಂದೆ ಅವನ ಜನರನ್ನು ಈ ಕೆರೆಗೆ ಕರೆತಂದು, ನೀರಿಗಿಳಿದು, ಬೊಗಸೆಯಲ್ಲಿ ನೀರೆತ್ತಿ, ತನ್ನ ಸಂಪತ್ತೆಲ್ಲ ಇದೇ ಎಂದನೆಂದು ಸಿಂಹಳದ ಇತಿವೃತ್ತ ಗ್ರಂಥ ಚೂಳವಂಸ ಹೇಳುತ್ತದೆ. ಬಳಿಕ ಕಾಶ್ಯಪ ತಂದೆಯನ್ನು ಕೊಲ್ಲಿಸಿ, ತಮ್ಮ ಮೊಗ್ಗಲ್ಲಾನನ ಭಯದಿಂದ ಸಿಗಿರಿಯದ ಬಂಡೆಯನ್ನೇರಿ ಅರಮನೆ ಕಟ್ಟಿಕೊಂಡ. ಅವನ ಆಳ್ವಿಕೆಯ ಕಾಲ 477ರಿಂದ 495. ಬೆಳಿಗ್ಗೆ ತಂದೆಯ ಕೆರೆಯನ್ನೂ ಅದರ ಮರುದಿನ ಮಗನ ಕೋಟೆಯನ್ನೂ ನೋಡಿದವರಿಗೆ ಆ ಬಂಡೆ ಬರೀ ಚೆಲುವಾದ ದೃಶ್ಯವಾಗಿ ಉಳಿಯುವುದಿಲ್ಲ.

ಸಿಗಿರಿಯದ ಬಂಡೆ ಸುತ್ತಲಿನ ಬಯಲಿನಿಂದ ಸುಮಾರು 180 ಮೀಟರ್ ಮೇಲಕ್ಕೆದ್ದಿದೆ. ಹತ್ತಲು ಸುಮಾರು 1,200 ಮೆಟ್ಟಿಲುಗಳಿವೆ. ಪಟ್ಟಿಯ ಪ್ರಕಾರ ಹತ್ತು ಗಂಟೆಗೆ ಹತ್ತಲು ಆರಂಭಿಸಿ, ಮಧ್ಯಾಹ್ನ ದಂಬುಲ್ಲ, ಸಂಜೆ ಪೊಲೊನ್ನರುವ ಮುಗಿಸಬೇಕಿತ್ತು. ಮೂರು ವಿಶ್ವ ಪರಂಪರೆಯ ತಾಣಗಳನ್ನು ಒಂದೇ ದಿನ ಮುಟ್ಟಿ ಬಿಡುವ ಈ ಯೋಜನೆಯನ್ನು ಬರೆದವರು ಆ ದಾರಿಯಲ್ಲಿ ಒಮ್ಮೆಯೂ ನಡೆದಿರಲಾರರು. ನಾವು ಏಳಕ್ಕೆ ಮೊದಲೇ ನೀರಿನ ಉದ್ಯಾನವನ್ನು ದಾಟಿದ್ದೆವು. ಸುಣ್ಣಕಲ್ಲಿನ ಫಲಕಗಳಲ್ಲಿ ತೂತು ಕೊರೆದು ಮಾಡಿದ ಕಾರಂಜಿಗಳು ಅಲ್ಲಿವೆ. ನೀರಿನ ಮಟ್ಟದ ವ್ಯತ್ಯಾಸವೊಂದರಿಂದಲೇ ಅವು ಮಳೆಗಾಲದಲ್ಲಿ ಇಂದಿಗೂ ಚಿಮ್ಮುತ್ತವೆ.

ಬಂಡೆಯ ನಡುಮೈಯಲ್ಲಿರುವ ಭಿತ್ತಿಚಿತ್ರಗಳ ಗುಹೆಗೆ ಕಬ್ಬಿಣದ ಸುತ್ತುಮೆಟ್ಟಿಲಿನಲ್ಲಿ ಏರಬೇಕು. ಛಾಯಾಚಿತ್ರ ತೆಗೆಯುವಂತಿಲ್ಲ, ಅದು ಒಳ್ಳೆಯದೇ ಆಯಿತು. ಮೂವರೂ ಕಣ್ಣಿಟ್ಟು ನೋಡಿದೆವು. ಒಬ್ಬ ಸ್ತ್ರೀಯ ಕೈಯಲ್ಲಿ ಹೂತಟ್ಟೆ. ಇನ್ನೊಬ್ಬಳ ಕೈಯ ಗೆರೆಯನ್ನು ಚಿತ್ರಕಾರ ಒಮ್ಮೆ ಎಳೆದು, ಒಪ್ಪದೆ, ಬೇರೆಡೆ ತಿದ್ದಿದ ಗುರುತು ಬಣ್ಣದ ಕೆಳಗಿನಿಂದ ಇಣುಕುತ್ತದೆ. ಕೆಳಗಿರುವ ಕನ್ನಡಿ ಗೋಡೆಯ ನುಣುಪಾದ ಗಾರೆಯ ಮೇಲೆ ಹಳೆಯ ಕಾಲದ ಯಾತ್ರಿಕರು ಸಿಂಹಳದಲ್ಲಿ ಪದ್ಯಗಳನ್ನು ಕೊರೆದಿದ್ದಾರೆ. ವಿದ್ವಾಂಸ ಸೇನರತ್ ಪರಣವಿತಾನ ಅವುಗಳಲ್ಲಿ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಸಾವಿರ ವರ್ಷಕ್ಕೂ ಹಿಂದಿನ ಸಾಮಾನ್ಯ ಜನ ಒಂದು ಚಿತ್ರವನ್ನು ನೋಡಿ ತಮಗೇನನ್ನಿಸಿತೆಂದು ಪದ್ಯ ಕಟ್ಟಿ ಬರೆದಿಟ್ಟ ಇಂಥ ಗೋಡೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಕ್ಕ ಸಿಂಹದ ಪಂಜಗಳಿರುವ ಜಗಲಿಯವರೆಗೆ ಬಂದು ಅಲ್ಲೇ ಕುಳಿತರು. ಮೊಣಕಾಲು ನೋವಿರುವವರಿಗೆ ಅಷ್ಟಾದರೂ ಸಾಧ್ಯ, ಅಲ್ಲಿಂದ ಮುಂದಿನ ಏರಿಕೆ ಕಡಿದು.

ಇಲ್ಲಿಯೇ ಹಣದ ವಿಷಯವೊಂದು ಬಯಲಾಯಿತು. ಸಿಗಿರಿಯ, ಪೊಲೊನ್ನರುವಗಳಂಥ ತಾಣಗಳಲ್ಲಿ ಭಾರತವೂ ಸೇರಿದ ಸಾರ್ಕ್ ದೇಶಗಳ ಪ್ರಜೆಗಳಿಗೆ ಪಾಸ್‌ಪೋರ್ಟ್ ತೋರಿಸಿದರೆ ಇತರ ವಿದೇಶಿಯರಿಗಿಂತ ಕಡಿಮೆ ದರದ ಟಿಕೆಟ್ ಕೊಡುತ್ತಾರೆ. ನಮ್ಮ ಸಂಸ್ಥೆ ನಮ್ಮಿಂದ ಪೂರ್ತಿ ದರವನ್ನೇ ಪಡೆದಿತ್ತು. ಹಿಂದಿನ ರಾತ್ರಿ ಚಾಲಕ, ಪಾಸ್‌ಪೋರ್ಟ್‌ಗಳನ್ನು ಕೋಣೆಯಲ್ಲಿ ಬಿಟ್ಟು ಬರಬೇಡಿ, ಟಿಕೆಟ್‌ನ ಹರಿದ ತುಂಡನ್ನೂ ಎಸೆಯಬೇಡಿ ಎಂದು ಹೇಳಿದ್ದರ ಅರ್ಥ ನನಗೆ ಟಿಕೆಟ್ ಕಿಟಕಿಯ ಮುಂದೆ ತಿಳಿಯಿತು. ದರಪಟ್ಟಿ ತರಿಸಿಕೊಳ್ಳುವ ಕನ್ನಡಿಗರು ಪ್ರವೇಶ ಶುಲ್ಕವನ್ನು ಪ್ರತ್ಯೇಕವಾಗಿ ಬರೆದುಕೊಡಲು ಕೇಳಬೇಕು, ಅದು ಯಾವ ದರ ಎಂಬುದನ್ನೂ ಕೇಳಬೇಕು.

ದಂಬುಲ್ಲದ ಗುಹೆಗಳಿಗೆ ಆ ಸಂಜೆ ಹೋದೆವು. ಐದು ಗುಹೆಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಬುದ್ಧಮೂರ್ತಿಗಳಿವೆ, ಸೂರು ಇಡೀ ಚಿತ್ರಮಯವಾಗಿದೆ. ಬಂಡೆಯ ಉಬ್ಬುತಗ್ಗುಗಳನ್ನೇ ಅನುಸರಿಸಿ ಚಿತ್ರ ಬರೆದಿರುವುದರಿಂದ, ಮೇಲಕ್ಕೆ ನೋಡುತ್ತ ನಿಂತರೆ ಬಣ್ಣದ ಬಟ್ಟೆಯ ಚಪ್ಪರ ಗಾಳಿಗೆ ಅಲುಗಿದಂತೆ ಭಾಸವಾಗುತ್ತದೆ. ಎರಡನೆಯ ಗುಹೆಯಲ್ಲಿ ಸೂರಿನಿಂದ ತೊಟ್ಟಿಕ್ಕುವ ನೀರನ್ನು ಒಂದು ಪಾತ್ರೆಯಲ್ಲಿ ಹಿಡಿದು ಪೂಜೆಗೆ ಬಳಸುತ್ತಾರೆ. ಬೀಳುವ ಹನಿಯ ಸದ್ದು ಕೇಳಬೇಕಾದರೆ ಗುಂಪುಗಳು ಹೊರಹೋಗುವವರೆಗೆ ಕಾಯಬೇಕು, ನಾವು ಕಾದೆವು.

ನಾಲ್ಕನೆಯ ದಿನದ ಪಟ್ಟಿಯಲ್ಲಿದ್ದದ್ದು ಒಂದು ಸಾಂಬಾರ ತೋಟ ಮತ್ತು ಒಂದು ರತ್ನದಂಗಡಿ. ಇಂಥ ಕಡೆ ಅರ್ಧರ್ಧ ದಿನ ಕಳೆಯುತ್ತದೆ, ಕೊಳ್ಳದಿದ್ದರೆ ಮುಖಗಳು ಬಾಡುತ್ತವೆ. ಮೂಡಿಗೆರೆ ಕಡೆಯ ತೋಟದಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿಗೆ ಏಲಕ್ಕಿ, ಮೆಣಸಿನ ಬಳ್ಳಿಗಳನ್ನು ತೋರಿಸಲು ಸಮುದ್ರ ದಾಟಿಸಬೇಕಾಗಿರಲಿಲ್ಲ. ಎರಡನ್ನೂ ಕೈಬಿಟ್ಟು ನಾವು ಪೊಲೊನ್ನರುವಕ್ಕೆ ಹೋಗುವುದೆಂದು ನಿರ್ಧರಿಸಿದೆವು, ಮತ್ತು ಈ ಬದಲಾವಣೆಯೇ ಇಡೀ ಪ್ರವಾಸವನ್ನು ಉಳಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಪೊಲೊನ್ನರುವವನ್ನು ರಾಜಧಾನಿ ಮಾಡಿಕೊಂಡು ಆಳಿದವರಲ್ಲಿ ಚೋಳರೂ ಇದ್ದರು. ಅವರ ಕಾಲದ ಕಲ್ಲಿನ ಶಿವಾಲಯ ಅಲ್ಲಿ ಇಂದಿಗೂ ದೃಢವಾಗಿ ನಿಂತಿದೆ. ಗಂಗರ ತಲಕಾಡು ಚೋಳರ ವಶವಾದದ್ದೂ ಅದೇ ಸುಮಾರಿಗೆ ಎಂಬುದನ್ನು ನೆನೆದರೆ ಆ ಗುಡಿಯ ಮುಂದೆ ಕನ್ನಡಿಗನಿಗೆ ಇತಿಹಾಸ ಹತ್ತಿರದ್ದೆನಿಸುತ್ತದೆ. 1070ರಲ್ಲಿ ಚೋಳರನ್ನು ಹೊರಗಟ್ಟಿದ ಒಂದನೆಯ ವಿಜಯಬಾಹುವಿನ ಕಥೆಯಲ್ಲಂತೂ ನಮ್ಮ ನಾಡಿನ ಹೆಸರೇ ಬರುತ್ತದೆ. ಕನ್ನಾಟ ದೇಶದ ರಾಜನಿಂದ ದೂತರು ಕಾಣಿಕೆಗಳೊಡನೆ ಬಂದರೆಂದೂ, ಪ್ರತಿಯಾಗಿ ವಿಜಯಬಾಹು ಕಳಿಸಿದ ದೂತರ ಕಿವಿ ಮೂಗುಗಳನ್ನು ಚೋಳರು ದಾರಿಯಲ್ಲಿ ಕೊಯ್ದರೆಂದೂ ಚೂಳವಂಸದಲ್ಲಿದೆ. ಆ ರಾಜ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನೆಂದು ಇತಿಹಾಸಕಾರರು ಗುರುತಿಸುತ್ತಾರೆ. ಇದನ್ನು ನಾನು ಹೇಳಿದಾಗ ಚಾಲಕ ಕಾರಿನ ಪುಸ್ತಕದಲ್ಲಿ ಬರೆದುಕೊಂಡರು. ಇನ್ನು ಮುಂದೆ ಕರ್ನಾಟಕದಿಂದ ಬರುವವರಿಗೆ ಹೇಳುತ್ತೇನೆ ಎಂದರು.

ಒಂದನೆಯ ಪರಾಕ್ರಮಬಾಹುವಿನ ಕಾಲದಲ್ಲಿ, ಅಂದರೆ 12ನೇ ಶತಮಾನದಲ್ಲಿ, ಕಡೆದ ಗಲ್ ವಿಹಾರ ನನ್ನ ಮಟ್ಟಿಗೆ ಶ್ರೀಲಂಕಾದ ಶ್ರೇಷ್ಠ ಶಿಲ್ಪ. ಒಂದೇ ಬಂಡೆಯ ಮೈಯಲ್ಲಿ ಕುಳಿತ, ನಿಂತ, ಮಲಗಿದ ಮೂರ್ತಿಗಳು ಸಾಲಾಗಿವೆ. ಮಲಗಿರುವ ಬುದ್ಧನ ಉದ್ದ ಸುಮಾರು 14 ಮೀಟರ್. ಶ್ರವಣಬೆಳಗೊಳದಲ್ಲಿ ತಲೆಯೆತ್ತಿ ನೋಡುವ ನಮಗೆ ಇಲ್ಲಿ ಅಡ್ಡಲಾಗಿ, ತಲೆಯಿಂದ ಪಾದದವರೆಗೆ ನಿಧಾನವಾಗಿ ನಡೆದುಕೊಂಡು ನೋಡಬೇಕಾಗುತ್ತದೆ. ತಲೆಯ ಭಾರಕ್ಕೆ ಕಲ್ಲಿನ ದಿಂಬು ತುಸುವೇ ತಗ್ಗಿದೆ. ಪಾದಗಳ ಬಳಿ ಬಂದಾಗ ಮೇಲಿನ ಪಾದ ಕೆಳಗಿನದಕ್ಕಿಂತ ಒಂದಿಷ್ಟು ಹಿಂದಕ್ಕೆ ಸರಿದಿರುವುದು ಕಾಣುತ್ತದೆ. ಇದು ನಿದ್ದೆಯಲ್ಲ, ಪರಿನಿರ್ವಾಣ ಎಂಬುದರ ಗುರುತು ಅದು. ಕಲ್ಲಿನ ಸಹಜ ಕಪ್ಪು ಪಟ್ಟೆಗಳು ಮುಖದ ಮೇಲೆ ನೀರಿನ ಅಲೆಗಳಂತೆ ಹಾದುಹೋಗಿವೆ. ಪಟ್ಟಿಯ ಪ್ರಕಾರ ಬಂದಿದ್ದರೆ ಇಲ್ಲಿ ನಮಗೆ ಸಿಗುತ್ತಿದ್ದುದು ಕಾಲು ಗಂಟೆ, ಅದೂ ಬೆಳಕು ಹೋದ ಮೇಲೆ. ನಾವು ಎರಡು ಗಂಟೆ ಇದ್ದು, ಹೊರಡುವಾಗ ಪರಾಕ್ರಮ ಸಮುದ್ರವೆಂಬ ಕೆರೆಯ ಸುಮಾರು 14 ಕಿಲೋಮೀಟರ್ ಉದ್ದದ ಏರಿಯ ಮೇಲೆ ಕಾರು ನಿಲ್ಲಿಸಿ, ಎಮ್ಮೆಯ ಹಾಲಿನ ಗಟ್ಟಿ ಮೊಸರಿಗೆ ಬಗನಿ ಮರದ ಪಾಕ ಹೊಯ್ದು ತಿಂದೆವು. ಈಶಾನ್ಯ ಮಳೆ ಮುಗಿದ ಹೊಸತಾದ್ದರಿಂದ ಕೆರೆ ಅಂಚಿನವರೆಗೆ ತುಂಬಿತ್ತು. ಕೆರೆಗಳನ್ನು ನೋಡಬೇಕೆನ್ನುವವರಿಗೆ ಫೆಬ್ರವರಿಯೇ ಸರಿಯಾದ ತಿಂಗಳು.

ಊಟದ ಬಗ್ಗೆ ಒಂದು ಮಾತು. ಅನ್ನ ಮತ್ತು ನಾಲ್ಕೈದು ಬಗೆಯ ಪಲ್ಯಗಳ ಊಟ ಸಸ್ಯಾಹಾರಿಗಳಿಗೆ ಎಲ್ಲೆಡೆ ಸಿಗುತ್ತದೆ. ಕುರಕ್ಕನ್ ಎಂದು ಬರೆದಿದ್ದರೆ ಅದು ನಮ್ಮ ರಾಗಿಯೇ. ಆದರೆ ತೆಂಗಿನಕಾಯಿಯ ಪೊಲ್ ಸಂಬೋಲ್ ಚಟ್ನಿಯಲ್ಲೂ ಕೆಲವು ಪಲ್ಯಗಳಲ್ಲೂ ಒಣಮೀನಿನ ಪುಡಿ ಬೆರೆಸುವ ರೂಢಿ ಇರುವುದರಿಂದ ಪ್ರತಿ ಸಲವೂ ಕೇಳಿಯೇ ತಿನ್ನಬೇಕು.

ಕ್ಯಾಂಡಿಯಲ್ಲಿ ಬುದ್ಧನ ದಂತಧಾತುವಿನ ದೇವಾಲಯದ ಸಂಜೆಯ ಪೂಜೆಗೆ ಸೇರಿಕೊಂಡೆವು. ಡೋಲುಗಳ ಸದ್ದು ಎದೆಗೆ ತಾಗುತ್ತಿತ್ತು, ಆದರೆ ನೂಕುನುಗ್ಗಲಿನಲ್ಲಿ ಅಕ್ಕನಿಗೆ ಕಷ್ಟವಾಯಿತು. ಪೆರದೆನಿಯದ ಸಸ್ಯೋದ್ಯಾನಕ್ಕೆ ಪಟ್ಟಿಯಲ್ಲಿದ್ದ ಒಂದೂವರೆ ಗಂಟೆ ಸಾಕೇ ಸಾಕಾಗಲಿಲ್ಲ. ನುವರ ಎಲಿಯದ ದಾರಿಯ ಚಹಾ ತೋಟಗಳಲ್ಲಿ ಹೆಂಡತಿ ತಡೆದು ನಿಂತದ್ದಕ್ಕೆ ಕಾರಣವಿತ್ತು. ಈ ಬೆಟ್ಟಗಳು ಮೊದಲು ಕಾಫಿಯವು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಮುಂದೆ ಆ ಕಾಫಿಯನ್ನು ನಿರ್ನಾಮ ಮಾಡಿತು. ಅದಕ್ಕೆ ಎರಡು ವರ್ಷ ಮೊದಲು, 1867ರಲ್ಲಿ, ಜೇಮ್ಸ್ ಟೇಲರ್ ಲೂಲ್‌ಕಂದೆರ ತೋಟದಲ್ಲಿ ಆರಂಭಿಸಿದ್ದ ಚಹಾ ಅದರ ಜಾಗಕ್ಕೆ ಬಂತು. ಅದೇ ತುಕ್ಕಿಗೆ ಇವತ್ತಿಗೂ ಔಷಧಿ ಹೊಡೆಯುವ ಮನೆಯಿಂದ ಬಂದವಳು ಆ ಇಳಿಜಾರುಗಳನ್ನು ಸುಮ್ಮನೆ ನೋಡಿ ದಾಟಲಾರಳು.

ಹಾರ್ಟನ್ ಪ್ಲೇನ್ಸ್ ವಿಷಯದಲ್ಲಿ ಸಂಸ್ಥೆಯ ಪಟ್ಟಿ ಸರಿಯಾಗಿಯೇ ಇತ್ತು, ಅದನ್ನು ಹೇಳಲೇಬೇಕು. ಬೆಳಿಗ್ಗೆ ಐದಕ್ಕೆ ಕಟ್ಟಿಕೊಟ್ಟ ತಿಂಡಿಯೊಡನೆ ಹೊರಟೆವು. ಪ್ರವೇಶದ್ವಾರದಲ್ಲಿ ಕಾವಲು ಸಿಬ್ಬಂದಿ ಚೀಲಗಳನ್ನು ಬಿಚ್ಚಿಸಿ, ಪ್ಲಾಸ್ಟಿಕ್ ಕವರುಗಳನ್ನು ತೆಗೆಸಿ, ನೀರಿನ ಬಾಟಲಿಯ ಮೇಲಿನ ಲೇಬಲ್ಲನ್ನೂ ಕಿತ್ತಿಟ್ಟುಕೊಂಡರು. ಸುಮಾರು ಒಂಬತ್ತು ಕಿಲೋಮೀಟರ್ ದಾರಿಯಲ್ಲಿ ನನಗೆ ಒಂದೂ ಕಸ ಕಾಣಲಿಲ್ಲ. ಎರಡು ಸಾವಿರ ಮೀಟರಿಗೂ ಎತ್ತರದ ಆ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಗಿಡ್ಡ ಮರಗಳ ಕಾಡು, ನಡುವೆ ಮೇಯುವ ಕಡವೆಗಳು, ಎಲ್ಲವೂ ಕುದುರೆಮುಖದ ಶೋಲಾ ಕಾಡುಗಳನ್ನೇ ಹೋಲುತ್ತವೆ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಎರಡನ್ನೂ ಒಂದೇ ಜೀವವೈವಿಧ್ಯದ ನೆಲೆಯೆಂದು ವಿಜ್ಞಾನಿಗಳು ಎಣಿಸುವುದು ಇದಕ್ಕೇ. ಎಂಟಕ್ಕೆ ವರ್ಲ್ಡ್ಸ್ ಎಂಡ್ ಅಂಚಿನಲ್ಲಿ ನಿಂತಾಗ 850 ಮೀಟರಿಗೂ ಹೆಚ್ಚು ಆಳದಲ್ಲಿ ತೋಟಗಳು, ಒಂದು ರಸ್ತೆ, ಬಿಸಿಲಿಗೆ ಹೊಳೆಯುವ ತಗಡಿನ ಮಾಡುಗಳು ಸ್ಪಷ್ಟವಾಗಿ ಕಂಡವು. ಒಂಬತ್ತೂವರೆಗೆ ಮಂಜು ಕಣಿವೆಯಿಂದ ಎದ್ದು ಬಂದು ಎಲ್ಲವನ್ನೂ ಮುಚ್ಚಿತು. ಆಗ ಎದುರಾದ ಗುಂಪುಗಳಿಗೆ ಬಿಳುಪಿನ ಹೊರತು ಏನೂ ಕಾಣಿಸಿರಲಾರದು.

‘ಎಲ್ಲ’ ಎಂಬ ಬೆಟ್ಟದೂರಿಗೆ ರೈಲು ಪ್ರಯಾಣ ಹೆಸರಿಗೆ ತಕ್ಕಂತೆ ಸೊಗಸಾಗಿತ್ತು. ಆ ಊರಿನ ಒಂಬತ್ತು ಕಮಾನಿನ ಸೇತುವೆಯ ಮೇಲೆ ಚಿತ್ರ ತೆಗೆಸಿಕೊಳ್ಳುವ ಜಂಗುಳಿ ವಿಪರೀತ. ಗಾಲೆ ಕೋಟೆಗೆ ತಲುಪಿದಾಗ ಸಂಜೆಯಾಗಿತ್ತು; ಡಚ್ಚರ ಆ ದಪ್ಪ ಗೋಡೆಗಳು 2004ರ ಸುನಾಮಿಯ ದಿನ ಒಳಗಿನ ಊರನ್ನು ಬಹುಮಟ್ಟಿಗೆ ಕಾಯ್ದವು. ಗೋಡೆಯ ಮೇಲೆ ನಡೆದಾಡಲು ನಮಗೆ ಒಂದೇ ಸಂಜೆ ಸಿಕ್ಕಿತು, ಅದು ಕಡಿಮೆ.

ಮರಳಿದ ಮೇಲೆ ಟಿಕೆಟ್ ತುಂಡುಗಳ ಚಿತ್ರಗಳನ್ನು ಲಗತ್ತಿಸಿ ಸಂಸ್ಥೆಗೆ ಪತ್ರ ಬರೆದೆ. ಹನ್ನೆರಡನೆಯ ದಿನ ವ್ಯತ್ಯಾಸದ ಹಣ ಖಾತೆಗೆ ಬಂತು. ಜೊತೆಗೆ ಬಂದ ಉತ್ತರದಲ್ಲಿ ಕ್ಷಮೆಯಿತ್ತು, ವಿವರಣೆ ಇರಲಿಲ್ಲ. ಆದರೂ ನನ್ನ ತಮ್ಮನ ಕುಟುಂಬಕ್ಕೆ ಬರುವ ಫೆಬ್ರವರಿಗೆ ಅದೇ ಸಂಸ್ಥೆಯಲ್ಲೇ ಹೇಳಿಟ್ಟಿದ್ದೇವೆ, ಏಕೆಂದರೆ ಅದೇ ಚಾಲಕ ಬೇಕು. ಈ ಸಲ ಹನ್ನೊಂದು ದಿನ. ಸಾಂಬಾರ ತೋಟ, ರತ್ನದಂಗಡಿ ಬೇಡ. ಅನುರಾಧಪುರ ಸಂಜೆ ನಾಲ್ಕರ ನಂತರ. ಪೊಲೊನ್ನರುವಕ್ಕೆ ಪೂರ್ತಿ ಒಂದು ದಿನ. ಕಲಾ ವೆವ ಬೆಳಿಗ್ಗೆ ಆರಕ್ಕೆ ಎಂದು ಕರಾರಿನಲ್ಲೇ ಬರೆಸಿಕೊಂಡಿದ್ದೇವೆ.